ಪುಟಕ್ಕೆ ಪುಟ

ಧಾರವಾಡದ ಹಳೆಯ ಮಾಸಪತ್ರಿಕೆಗಳನ್ನು ತಿರುವಿಹಾಕುವಾಗ ನಾನು ಮೊದಲು ನೋಡುವುದು ರಕ್ಷಾಪುಟದ ಒಳಬದಿಯನ್ನು. ಸಾಬೂನು, ಔಷಧಿಗಳ ಜಾಹೀರಾತಿನ ಜೊತೆಗೆ ಅಲ್ಲಿ ಇನ್ನೊಂದು ಪತ್ರಿಕೆಯ ಚಂದಾ ವಿವರವೋ ಒಂದು ಗ್ರಂಥಮಾಲೆಯ ಪುಸ್ತಕಗಳ ಪಟ್ಟಿಯೋ ಇರುವುದುಂಟು. ‘ನಮ್ಮದನ್ನು ನೀವು ಅಚ್ಚುಹಾಕಿರಿ, ನಿಮ್ಮದನ್ನು ನಾವು’ ಎಂಬ ಬಾಯಿಮಾತಿನ ಕರಾರಿಗೆ ವಿನಿಮಯ ಜಾಹೀರಾತು ಎಂದು ಹೆಸರು. ಅದರಲ್ಲಿ ಹಣದ ಮಾತಿಲ್ಲ.

ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ ‘ವಾಗ್ಭೂಷಣ’ವನ್ನು ಹೊರಡಿಸಿದಂದಿನಿಂದ ಈ ಊರಿನ ಪತ್ರಿಕೆಗಳಿಗೆ ಬರಹಗಾರರ ಬರ ಬಂದುದಿಲ್ಲ, ಬಂದದ್ದು ಚಂದಾದಾರರ ಬರ. 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯನ್ನು ಜಿ. ಬಿ. ಜೋಶಿಯವರು ಬೆಳೆಸಿದ್ದು ಚಂದಾದಾರರನ್ನು ನಂಬಿ. ಅಂಥ ಪ್ರಕಾಶನಕ್ಕೆ ದಾರಿಹೋಕರ ಕಣ್ಣಿನಿಂದ ಪ್ರಯೋಜನವಿಲ್ಲ. ಓದುವ ಚಟವುಳ್ಳವರು ಬೇಕು. ಅವರು ಸಿಕ್ಕುವುದು ಇನ್ನೊಂದು ಸಾಹಿತ್ಯ ಪತ್ರಿಕೆಯ ಪುಟದಲ್ಲಿಯೇ.

ಕೊಡುವವರ ಗಂಟೇನೂ ಹೋಗುತ್ತಿರಲಿಲ್ಲ. ಕೇಳುತ್ತಿರುವವರಲ್ಲಿ ಮುದ್ರಣಾಲಯ ನಡೆಸಿದವರಿದ್ದರೆ ಈ ಗುಟ್ಟು ಅವರಿಗೆ ಗೊತ್ತು. ಪತ್ರಿಕೆ ಅಚ್ಚಾಗುವುದು ಒಂದೊಂದೇ ಪುಟವಾಗಿ ಅಲ್ಲ, 8 ಅಥವಾ 16 ಪುಟಗಳ ಫಾರಂ ಲೆಕ್ಕದಲ್ಲಿ. ಲೇಖನಗಳು 13ನೆಯ ಪುಟಕ್ಕೆ ಮುಗಿದರೂ ಉಳಿದ 3 ಪುಟಗಳ ಕಾಗದಕ್ಕೆ ದುಡ್ಡು ತೆತ್ತಾಗಿದೆ. ಆ ಖಾಲಿ ಜಾಗವೇ ಸಂಪಾದಕನ ನಾಣ್ಯ. ಮೊಳೆ ಜೋಡಿಸುವ ಕೂಲಿಯೊಂದೇ ಖರ್ಚು.

ಆದರೆ ಪುಟಕ್ಕೆ ಪುಟ ಎಂಬ ಅಳತೆಯಲ್ಲಿ ಒಂದು ಅನ್ಯಾಯವಿತ್ತು. 2000 ಪ್ರತಿ ಅಚ್ಚಾಗುವ ಪತ್ರಿಕೆಯೂ 300ರದೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದವು. ದೊಡ್ಡವರು ಇದನ್ನು ಸಹಿಸಿದ್ದು ಔದಾರ್ಯವೆಂದು ನಾನು ತಿಳಿಯುತ್ತೇನೆ. ಇದಕ್ಕಿಂತ ಸೂಕ್ಷ್ಮವಾದದ್ದು ವಿಮರ್ಶೆಯ ಸಂಗತಿ: ಹಿಂಬದಿಯ ಪುಟದಲ್ಲಿ ಹೊಗಳಿಸಿಕೊಂಡ ಪುಸ್ತಕವನ್ನು ಒಳಪುಟದಲ್ಲಿ ನಿಷ್ಠುರವಾಗಿ ಅಳೆಯುವುದು ಹೇಗೆ? ಈ ದಾಕ್ಷಿಣ್ಯಕ್ಕೆ ಬಲಿಯಾದ ವಿಮರ್ಶೆಗಳೆಷ್ಟೋ!

ಅಂತರಜಾಲ ಬಂದಾಗ ಇದೇ ವ್ಯವಹಾರ ಅಮೆರಿಕದಲ್ಲಿ ಮರುಹುಟ್ಟು ಪಡೆಯಿತು. 1996ರಲ್ಲಿ ಸ್ಥಾಪಿತವಾದ ಲಿಂಕ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯ ನಿಯಮ ಹೀಗಿತ್ತು: ನಿಮ್ಮ ಜಾಲತಾಣದಲ್ಲಿ ಇತರರ ಜಾಹೀರಾತು ಎರಡು ಸಲ ಕಾಣಿಸಿದರೆ ನಿಮ್ಮದು ಬೇರೆಡೆ ಒಂದು ಸಲ ಕಾಣಿಸುತ್ತದೆ. ಇನ್ನೊಂದು ಸಲದ ಜಾಗ ಮಧ್ಯಸ್ಥನ ಪಾಲು. ಅದನ್ನು ಆತ ಮಾರಿಕೊಳ್ಳುತ್ತಿದ್ದ. ಪುಟಗಳ ಬದಲು ಕಣ್ಣುಗಳ ಲೆಕ್ಕ ಹಿಡಿದದ್ದರಿಂದ ಹಳೆಯ ತಕ್ಕಡಿಯ ದೋಷವೇನೋ ನೀಗಿತು. ಆ ಮಧ್ಯಸ್ಥನ ಸಂಸ್ಥೆಯನ್ನು 1998ರಲ್ಲಿ ಮೈಕ್ರೋಸಾಫ್ಟ್ 26.5 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಸಂಪಾದಕರ ನಡುವೆ ಇದ್ದ ಮಧ್ಯಸ್ಥನೆಂದರೆ ಅಂಚೆಯವನೊಬ್ಬನೇ.