ತೂಫಾನಿನ ಎಚ್ಚರಿಕೆ: ಹೊರಟದ್ದೆಲ್ಲಿಂದ, ಮುಟ್ಟಿದ್ದೆಲ್ಲಿಗೆ

ನಮ್ಮ ಅಂಗಡಿಯಲ್ಲಿ ‘ಹರಿಕೇನ್’ ಎಂದರೆ ಗಾಳಿಯಲ್ಲ, ದೀಪ. ನಾನು ಚಿಕ್ಕವನಿದ್ದಾಗ ಉಪ್ಪ ಅಂಗಡಿಯ ಮಾಡಿಗೆ ಐದಾರು ಹರಿಕೇನ್ ಲಾಟೀನುಗಳನ್ನು ನೇತು ಹಾಕುತ್ತಿದ್ದರು. ಮೇ ತಿಂಗಳ ಕೊನೆಯಲ್ಲಿ ಕಡಲ ಬದಿಯವರು ಬಂದು ಲಾಟೀನು, ಬತ್ತಿ, ಚಿಮಿಣಿ ಎಣ್ಣೆ ಕೊಂಡುಹೋಗುತ್ತಿದ್ದರು. ಎಂಥ ಗಾಳಿಗೂ ಆರದ ದೀಪ ಎಂದು ಆ ಹೆಸರು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಬಿರುಗಾಳಿಗೆ ಇಟ್ಟ ಹೆಸರೇ ಇಂಗ್ಲಿಷಿಗೆ ಹೋಗಿ ಹರಿಕೇನ್ ಆಯಿತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಮೆರಿಕದ ಕಡೆ ಹರಿಕೇನ್, ಚೀನಾ-ಜಪಾನಿನ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್ ಅಥವಾ ಚಂಡಮಾರುತ. ಮೂರೂ ಒಂದೇ. ನಮ್ಮ ಕಡಲಿಗರ ಬಾಯಲ್ಲಿ ಮಾತ್ರ ಅದು ತೂಫಾನ್.

2021ರ ಮೇ 13ರಂದು ಪೆರ್ನಾಲ್. ಲಾಕ್‌ಡೌನಿನ ಪೆರ್ನಾಲ್ ಆದ್ದರಿಂದ ಎಲ್ಲರೂ ಮನೆಯಲ್ಲೇ. ಅರಬಿ ಸಮುದ್ರದಲ್ಲಿ ಲಕ್ಷದ್ವೀಪದ ಹತ್ತಿರ ಚಂಡಮಾರುತ ಏಳಲಿದೆ ಎಂಬ ಸುದ್ದಿ ಅದಕ್ಕೆ ಮೊದಲೇ ಬಂದಿತ್ತು. ಹೆಸರು ತೌಕ್ತೆ, ಮ್ಯಾನ್ಮಾರ್ ಕೊಟ್ಟ ಹೆಸರು, ಅರ್ಥ ಒಂದು ಜಾತಿಯ ಹಲ್ಲಿ. ಮರುದಿನ ಅಂಗಡಿ ತೆರೆದಿದ್ದ ಕೆಲವೇ ಗಂಟೆಗಳಲ್ಲಿ ಮೊಂಬತ್ತಿ, ಬೆಂಕಿಪೊಟ್ಟಣ, ಟರ್ಪಾಲು, ನೈಲಾನ್ ಹಗ್ಗ ಮುಗಿದವು. ಉಪ್ಪ ಗಲ್ಲೆಯಲ್ಲಿ ಕುಳಿತು ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಸರ್ಕಾರ ಎಂತ ಮಾಡ್ತಾ ಉಂಟಂತೆ?”

ಆ ಪ್ರಶ್ನೆ ಹೊಸದಲ್ಲ. ಅದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸ ಉಂಟು. ಆ ಇತಿಹಾಸವನ್ನು ಹೇಳಿ ಕೊನೆಗೆ ನಮ್ಮ ಊರಿಗೆ ಬರುತ್ತೇನೆ.

ಕೇಳದ ಎಚ್ಚರಿಕೆ

‘ಸೈಕ್ಲೋನ್’ ಎಂಬ ಪದ ಹುಟ್ಟಿದ್ದು ನಮ್ಮ ದೇಶದಲ್ಲೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಹಡಗುಗಳ ದಿನಚರಿ ಪುಸ್ತಕಗಳನ್ನು ಕೂಡಿಸಿ ನೋಡಿ, ಈ ಗಾಳಿಗಳು ನೇರ ಬೀಸುವುದಿಲ್ಲ, ಹಾವು ಸುರುಳಿ ಸುತ್ತಿದಂತೆ ತಿರುಗುತ್ತವೆ ಎಂದು ವಿವರಿಸಿದ. ಅದಕ್ಕೆ ಗ್ರೀಕ್ ಮೂಲದಿಂದ ಆ ಹೆಸರು ಇಟ್ಟ. 1848ರ ಅವನ ಪುಸ್ತಕದಿಂದ ಆ ಪದ ಲೋಕಕ್ಕೆಲ್ಲ ಹಬ್ಬಿತು.

ಅದೇ ಕಾಲಕ್ಕೆ ಬ್ರಿಟಿಷ್ ಸರ್ಕಾರ ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರು ಕಟ್ಟಲು ಹೊರಟಿತ್ತು. ಪಿಡಿಂಗ್ಟನ್ 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದ: ಅಲ್ಲಿ ಕಟ್ಟಬೇಡಿ, ಒಂದಲ್ಲ ಒಂದು ದಿನ ಚಂಡಮಾರುತದ ಅಲೆ ಬಂದು ಎಲ್ಲವನ್ನೂ ಮುಳುಗಿಸುತ್ತದೆ. ಸರ್ಕಾರ ಕೇಳಲಿಲ್ಲ. ಕ್ಯಾನಿಂಗ್ ಬಂದರು ಎದ್ದಿತು, ರೈಲೂ ಬಂತು. 1867ರ ನವೆಂಬರ್ 1ರಂದು ಗಾಳಿಯೂ ಅಲೆಯೂ ಬಂದು ಬಂದರನ್ನು ಹಾಳುಗೆಡವಿದವು. ಪಿಡಿಂಗ್ಟನ್ ಅಷ್ಟರಲ್ಲಿ ತೀರಿಕೊಂಡಾಗಿತ್ತು.

ಅದಕ್ಕೆ ಮೂರು ವರ್ಷ ಮೊದಲು, 1864ರ ಅಕ್ಟೋಬರ್ 5ರ ಚಂಡಮಾರುತದಲ್ಲಿ ಕಲ್ಕತ್ತೆ ಮತ್ತು ಸುತ್ತಮುತ್ತ ಸುಮಾರು 60,000 ಜನ ಸತ್ತರೆಂಬ ಅಂದಾಜು ಉಂಟು. ಆ ಮೇಲೆಯೇ ಕಲ್ಕತ್ತೆ ಬಂದರಿನಲ್ಲಿ ಬಿರುಗಾಳಿ ಎಚ್ಚರಿಕೆಯ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮೊದಲು ಜನ ಸಾಯಬೇಕು, ಆಮೇಲೆ ಇಲಾಖೆ ಹುಟ್ಟಬೇಕು. ಈ ಕ್ರಮ ಮುಂದೆಯೂ ಬದಲಾಗಲಿಲ್ಲ.

ಒಡಿಶಾ ಕಲಿತ ಪಾಠ

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಹತ್ತಿರ ಸೂಪರ್ ಸೈಕ್ಲೋನ್ ನೆಲಕ್ಕಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಗಾಳಿಗಿಂತ ಹೆಚ್ಚು ಜನರನ್ನು ಕೊಂದದ್ದು ಒಳನುಗ್ಗಿದ ಕಡಲು. ಸರ್ಕಾರಿ ಲೆಕ್ಕದಲ್ಲೇ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿರಲಿಲ್ಲ ಎಂದೇನಲ್ಲ. ಆದರೆ ಆ ಎಚ್ಚರಿಕೆಯನ್ನು ಹಳ್ಳಿಗೆ ಮುಟ್ಟಿಸುವ ದಾರಿ ಇರಲಿಲ್ಲ. ಮುಟ್ಟಿದರೂ ಜನ ಓಡಿಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳು ಕೆಲವೇ ಕೆಲವು. ಫೋನ್ ತಂತಿ ಹರಿದ ಮೇಲೆ ರಾಜಧಾನಿ ಭುವನೇಶ್ವರವೇ ಹೊರಲೋಕದ ಸಂಪರ್ಕ ಕಳೆದುಕೊಂಡಿತು.

ಒಡಿಶಾ ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣೆಗೆಂದೇ ಪ್ರಾಧಿಕಾರ ರಚಿಸಿತು. ಕರಾವಳಿಯ ಉದ್ದಕ್ಕೂ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು. ಬಾಕಿ ದಿನಗಳಲ್ಲಿ ಅವು ಶಾಲೆಯಾಗಿಯೂ ಬಳಕೆಯಾಗುತ್ತವೆ. ಹಳ್ಳಿ ಹಳ್ಳಿಯ ಯುವಕರಿಗೆ ತರಬೇತಿ ಕೊಟ್ಟಿತು: ಯಾರು ಮೈಕ್ ಹಿಡಿಯುವುದು, ಯಾವ ಮನೆಯ ಮುದುಕಿಯನ್ನು ಯಾರು ಎತ್ತಿಕೊಂಡು ಹೋಗುವುದು ಎಂದು ಮೊದಲೇ ಗೊತ್ತುಮಾಡಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಭಾರೀ ಚಂಡಮಾರುತ ಗೋಪಾಲಪುರದ ಹತ್ತಿರ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸತ್ತವರ ಸಂಖ್ಯೆ ಐವತ್ತರ ಒಳಗೆ. ಅದೇ ರಾಜ್ಯ, ಅದೇ ಕಡಲು, ಹದಿನಾಲ್ಕು ವರ್ಷದ ಅಂತರ.

ಹಣ ಇದ್ದರೆ ಎಲ್ಲ ಸರಿಯಾಗುತ್ತದೆ ಎನ್ನುವವರು 2005ರ ಅಮೆರಿಕವನ್ನು ನೋಡಬೇಕು. ಕತ್ರಿನಾ ಹರಿಕೇನ್ ನ್ಯೂ ಆರ್ಲಿಯನ್ಸ್ ಕಡೆ ಬರುತ್ತದೆ ಎಂಬ ಮುನ್ಸೂಚನೆ ಸರಿಯಾಗಿಯೇ ಇತ್ತು. ಊರು ಬಿಡಿ ಎಂಬ ಆದೇಶವೂ ಬಂತು, ಆಗಸ್ಟ್ 28ರಂದು, ಗಾಳಿ ಬರುವ ಹಿಂದಿನ ದಿನ. ಕಾರು ಇದ್ದವರು ಹೋದರು. ಕಾರಿಲ್ಲದ ಬಡವರು, ಮುದುಕರು, ಕಾಯಿಲೆಯವರು ಉಳಿದರು. ಏರಿಗಳು ಒಡೆದು ನಗರದ ಬಹುಭಾಗ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಎಚ್ಚರಿಕೆ ಕಿವಿಗೆ ಬಿದ್ದಿತ್ತು, ಹೋಗಲು ಬಸ್ಸು ಇರಲಿಲ್ಲ.

ನಮ್ಮ ಕಡಲಿನ ಸರದಿ

ತೂಫಾನ್ ಎಂದರೆ ಬಂಗಾಳ ಕೊಲ್ಲಿಯ ಪಾಡು ಎಂದು ನಾವು ತಿಳಿದಿದ್ದೆವು. ಹಳೆಯ ಲೆಕ್ಕದಲ್ಲಿ ಆ ಕಡೆ ನಾಲ್ಕು ಚಂಡಮಾರುತ ಎದ್ದರೆ ಅರಬಿ ಸಮುದ್ರದಲ್ಲಿ ಒಂದು. ಎದ್ದದ್ದೂ ಹೆಚ್ಚಾಗಿ ಗುಜರಾತಿಗೋ ಒಮಾನಿಗೋ ಹೋಗುತ್ತಿತ್ತು. 2007ರ ಗೋನು, 2018ರ ಮೆಕುನು ಎಂದರೆ ಒಮಾನಿನಲ್ಲಿ ದುಡಿಯುವ ನಮ್ಮ ಬ್ಯಾರಿ ಕುಟುಂಬಗಳಿಗೆ ಗೊತ್ತು. ಈಗ ಅರಬಿ ಸಮುದ್ರದ ನೀರು ಬಿಸಿಯಾಗುತ್ತಿದೆ. ಬಿಸಿ ನೀರೇ ಚಂಡಮಾರುತದ ಇಂಧನ. ಇಂಧನ ಹೆಚ್ಚಾದರೆ ಎಂಜಿನ್ ಬೇಗ ವೇಗ ಹಿಡಿಯುತ್ತದೆ, ಇದೂ ಹಾಗೆಯೇ.

ಒಖಿ ಹಾಗೆ ವೇಗ ಹಿಡಿಯಿತು. 2017ರ ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದದ್ದು 30ರ ಬೆಳಿಗ್ಗೆ ಚಂಡಮಾರುತ. ಅಷ್ಟರಲ್ಲಿ ಕನ್ಯಾಕುಮಾರಿ, ತಿರುವನಂತಪುರದ ನೂರಾರು ದೋಣಿಗಳು ಕಡಲಲ್ಲಿದ್ದವು. ಹಲವು ದಿನ ಅಲ್ಲೇ ಉಳಿದು ಮೀನು ಹಿಡಿಯುವ ಬೋಟುಗಳು ದಡದಿಂದ ಬಹಳ ದೂರ. ಮೊಬೈಲ್ ಸಿಗ್ನಲ್ ಅಲ್ಲಿಗೆ ಹೋಗುವುದಿಲ್ಲ. ಸತ್ತವರು, ಕಾಣೆಯಾದವರು ಸೇರಿ ಮುನ್ನೂರರ ಮೇಲೆ. ಎಚ್ಚರಿಕೆ ಸಮಯಕ್ಕೆ ಬರಲಿಲ್ಲ ಎಂದು ರಾಜ್ಯ, ಮೀನುಗಾರರನ್ನು ತಡೆಯಿರಿ ಎಂದು ಮೊದಲೇ ಹೇಳಿದ್ದೆವು ಎಂದು ಕೇಂದ್ರದ ಇಲಾಖೆ. ಆ ವಾದ ಬಹಳ ದಿನ ನಡೆಯಿತು. ಕಡಲಲ್ಲಿದ್ದವನಿಗೆ ಎರಡರಲ್ಲಿ ಯಾವುದು ಸರಿಯಾದರೂ ಒಂದೇ, ಅವನಿಗೆ ಮುಟ್ಟಲಿಲ್ಲ.

ಒಖಿಯ ನಂತರ ಬದಲಾವಣೆಯಾದದ್ದು ಸುಳ್ಳಲ್ಲ. ಉಪಗ್ರಹದಿಂದ ನೇರ ಸಂದೇಶ ಪಡೆಯುವ ಉಪಕರಣಗಳನ್ನು ಬೋಟುಗಳಿಗೆ ಕೊಡುವ ಪ್ರಯೋಗ ನಡೆಯಿತು. ತೌಕ್ತೆ ಬರುವಾಗ ಕೇರಳದಲ್ಲಿ ಮೀನುಗಾರಿಕೆಯನ್ನು ಮೊದಲೇ ನಿಲ್ಲಿಸಿದರು. ಒಖಿಯಲ್ಲಿ ಆದಂತೆ ನೂರಾರು ದೋಣಿಗಳು ಸಿಕ್ಕಿಬೀಳಲಿಲ್ಲ. ಆದರೂ ಆ ತೂಫಾನಿನಲ್ಲಿ ಮುಂಬೈ ಕಡಲಲ್ಲಿ ಪಿ-305 ಎಂಬ ಬಾರ್ಜ್ ಮುಳುಗಿತು. ಅದರಲ್ಲಿದ್ದ 261 ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಎಚ್ಚರಿಕೆ ದಿನಗಳ ಮೊದಲೇ ಹೊರಟಿತ್ತು, ಬಾರ್ಜ್ ಮಾತ್ರ ಕಡಲಲ್ಲೇ ಇತ್ತು. ನಮ್ಮ ಹತ್ತಿರದ ಮೂಲ್ಕಿಯ ಕಡಲಲ್ಲಿ ಬಂಡೆಗೆ ಸಿಕ್ಕಿಬಿದ್ದ ಟಗ್ಗಿನ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಮೇ 17ರಂದು ಬದುಕಿಸಿ ತಂದವು.

ನಮ್ಮ ಮೂರು ದಿನ

ಈಗ ಊರಿಗೆ ಬರುತ್ತೇನೆ. ಮೇ 14ರಂದು ನಾನು ಅಂಗಡಿಯ ಹಿಂದಿನ ಶೀಟಿನ ಮಾಡು ಗಟ್ಟಿಮಾಡುತ್ತಿದ್ದೆ. ಉಪ್ಪ ಮರಳಿನ ಗೋಣಿ ಮೇಲಿಡು ಎಂದರು. ನಾನು ಸಾಲದು ಎಂದೆ. ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ; ಇಷ್ಟಾದರೂ ಉಪಯೋಗಕ್ಕೆ ಬರಬೇಡವೇ? ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡಲ್ಲ, ನಾಲ್ಕು ಪಟ್ಟು. ಗಾಳಿ ಶೀಟನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಬಾಗಿಲು ತೆರೆದಿದ್ದರೆ ಒಳಗಿನಿಂದಲೂ ನೂಕುತ್ತದೆ. ಆದ್ದರಿಂದ ಭಾರ ಇಡುವುದಕ್ಕಿಂತ ಕಟ್ಟುವುದು ಮುಖ್ಯ. ಸಡಿಲಾದ ಬೋಲ್ಟುಗಳನ್ನು ಬಿಗಿಮಾಡಿ, ತಂತಿ ಹಗ್ಗದಿಂದ ಮಾಡನ್ನು ಕಂಬಗಳಿಗೆ ಕಟ್ಟಿದೆ. ಅಕ್ಕಿ ಚೀಲಗಳನ್ನು ಅಟ್ಟಕ್ಕೇರಿಸಿದೆವು. ಉಮ್ಮ ಕೊಡ, ಹಂಡೆಗಳಿಗೆಲ್ಲ ನೀರು ತುಂಬಿಸಿಟ್ಟರು.

ಮೇ 15ರ ಬೆಳಿಗ್ಗೆ ವಾಟ್ಸಾಪಿನಲ್ಲಿ ಸಂದೇಶ ಬಂತು. ರೆಡ್ ಅಲರ್ಟ್, ಅಂದರೆ ಒಂದು ದಿನದಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು ಮಳೆಯ ಸಾಧ್ಯತೆ. ಕಡಲ ಬದಿಯವರು ಎಲ್ಲಿಗೆ ಹೋಗಬೇಕು, ಕ್ಯಾಂಪ್ ಯಾವ ಶಾಲೆಯಲ್ಲಿ, ಯಾವ ನಂಬರಿಗೆ ಕರೆ ಮಾಡಬೇಕು ಎಲ್ಲ ಇತ್ತು. ಎಲ್ಲವೂ ಮಲಯಾಳದಲ್ಲಿ. ನಾನು ಓದಿ ಹಾಗೆಯೇ ನಾಲ್ಕು ಗ್ರೂಪುಗಳಿಗೆ ದಾಟಿಸಿ, ನನ್ನ ಕೆಲಸ ಆಯಿತು ಎಂದುಕೊಂಡೆ.

ಮಧ್ಯಾಹ್ನ ಕಡಲ ಬದಿಯಿಂದ ಮೊಗವೀರರ ಅಕ್ಕ ಒಬ್ಬರು ಬಂದರು. ಮೊದಲಿನಿಂದಲೂ ನಮ್ಮ ಅಂಗಡಿಯವರೇ. ಕೈಯಲ್ಲಿ ಮಗನ ಫೋನು. “ಮಗಾ, ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳು” ಎಂದರು. ನೋಡಿದರೆ ಬೆಳಿಗ್ಗೆ ನಾನೇ ದಾಟಿಸಿದ ಸಂದೇಶ, ಸುತ್ತಿ ಸುತ್ತಿ ಅವರಿಗೆ ಮುಟ್ಟಿತ್ತು. ಅವರು ಕಲಿತದ್ದು ಐದನೇ ಕ್ಲಾಸ್, ಕನ್ನಡದಲ್ಲಿ. ಮನೆಮಾತು ತುಳು. ನಮ್ಮ ಉಪ್ಪನದೂ ಅದೇ ಕಥೆ: 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಉಪ್ಪ ಹುಟ್ಟಿದ್ದು ಮರುವರ್ಷ, ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತು ಬರುತ್ತದೆ, ಓದಲು ತಡವರಿಸುತ್ತಾರೆ. ಸುದ್ದಿಗೆ ಮಂಗಳೂರು ಆಕಾಶವಾಣಿ ಹಾಕುತ್ತಾರೆ. ಅದು ದಕ್ಷಿಣ ಕನ್ನಡ, ಉಡುಪಿಯ ಎಚ್ಚರಿಕೆ ಹೇಳುತ್ತದೆ; ನಮ್ಮ ಕ್ಯಾಂಪ್ ಎಲ್ಲಿ ಎಂದು ಅದಕ್ಕೆ ಹೇಗೆ ಗೊತ್ತಿರಬೇಕು? ಮಂಗಳೂರು ನಮಗೆ ಒಂದು ಗಂಟೆಯ ದಾರಿ. ನಮ್ಮ ರಾಜಧಾನಿ ಐನೂರು ಕಿಲೋಮೀಟರಿಗೂ ದೂರ. ತಲಪಾಡಿಯ ಗಡಿ ತೂಫಾನಿಗೆ ಕಾಣುವುದಿಲ್ಲ, ಎಚ್ಚರಿಕೆಗೆ ಮಾತ್ರ ಕಾಣುತ್ತದೆ.

ಓದಿ ಹೇಳಿದೆ. ಅಕ್ಕನ ಮುಖ ಇಳಿಯಿತು. “ಬೆಳಿಗ್ಗೆಯೇ ಬಂದದ್ದಾ ಇದು?” ಎಂದರು. ಹೌದು ಎನ್ನಲು ನನಗೆ ನಾಚಿಕೆಯಾಯಿತು. ಸಂಜೆಯೊಳಗೆ ಅವರ ಮನೆಯವರು ಹೊರಟರು. ಆ ರಾತ್ರಿ ಅವರ ಅಡಿಗೆಮನೆಯ ಗೋಡೆ ಕಡಲಿಗೆ ಹೋಯಿತು. ತೌಕ್ತೆಯ ಆ ದಿನಗಳಲ್ಲೇ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆ ಕಡಲಿಗೆ ಕುಸಿಯುವ ವಿಡಿಯೋವನ್ನು ದೇಶವೇ ನೋಡಿತು. ಆ ವಿಡಿಯೋ ನೋಡಲು ಯಾರಿಗೂ ಭಾಷೆ ಬೇಕಾಗಲಿಲ್ಲ.

ಆ ಸಂಜೆಯೇ ನಾನು ಸಂದೇಶವನ್ನು ಕನ್ನಡದಲ್ಲಿ ಬರೆದೆ. ಬ್ಯಾರಿಯಲ್ಲಿ ಮತ್ತು ನನಗೆ ಬರುವಷ್ಟು ತುಳುವಿನಲ್ಲಿ ಮಾತಾಡಿ ಧ್ವನಿ ಸಂದೇಶ ಮಾಡಿದೆ. ಓದು ಬಾರದವರಿಗೂ ಕಿವಿ ಇದೆಯಲ್ಲ. ಪಳ್ಳಿಯ ಮೈಕಿನಲ್ಲಿ ಉಸ್ತಾದರು ಹೇಳಿದರು. ಭಜನಾ ಮಂದಿರದ ಮೈಕಿನಲ್ಲಿ ಅವರ ಹುಡುಗರು ಹೇಳಿದರು. ಅರ್ಧ ಗಂಟೆಯ ಕೆಲಸ. ಬೆಳಿಗ್ಗೆಯೇ ಮಾಡಬಹುದಿತ್ತು.

ಇಂದಿಗೂ ಕೇಳಬೇಕಾದ್ದು

2023ರಲ್ಲಿ ಕರ್ನಾಟಕ, ಕೇರಳ ಎರಡರಲ್ಲೂ ಮೊಬೈಲ್ ಒಮ್ಮೆಲೇ ಕಿರುಚುವ ತುರ್ತು ಎಚ್ಚರಿಕೆಯ ಪರೀಕ್ಷೆ ನಡೆಯಿತು. 2025ರ ಜನವರಿಯಲ್ಲಿ ಕೇರಳದಲ್ಲಿ ‘ಕವಚಂ’ ಎಂಬ ಸೈರನ್ ವ್ಯವಸ್ಥೆ ಉದ್ಘಾಟನೆಯಾಯಿತು. ಒಳ್ಳೆಯದೇ. ಸೈರನ್ ಎಲ್ಲರಿಗೂ ಅರ್ಥವಾಗುತ್ತದೆ. ಸೈರನ್ ಕೂಗಿದ ಮೇಲೆ ಎಲ್ಲಿಗೆ ಓಡಬೇಕು ಎಂಬುದನ್ನು ಮಾತ್ರ ಬರೀ ಕೂಗು ಹೇಳುವುದಿಲ್ಲ. ಅದನ್ನು ಮಂಜೇಶ್ವರ, ಕಾಸರಗೋಡಿನ ಕಡಲ ಬದಿಯಲ್ಲಿ ಮಲಯಾಳದ ಜೊತೆ ಕನ್ನಡದಲ್ಲೂ ಹೇಳಬೇಕು. ಇದು ಭಾಷೆಯ ಜಗಳವಲ್ಲ, ಮಲಯಾಳದ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಮುದುಕಿಯೊಬ್ಬಳನ್ನು ಸಮಯಕ್ಕೆ ಎಬ್ಬಿಸುವ ವಿಷಯ. ಪಂಚಾಯತಿನ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಮಳೆಗಾಲ ಬಂದ ಮೇಲೆ ಅಲ್ಲ, ಮೊದಲೇ.

ಸರ್ಕಾರ ಮಾಡುವವರೆಗೆ ನಾವು ಮಾಡಬೇಕಾದ್ದೂ ಉಂಟು. ಪ್ರತಿ ಬೀದಿಯಲ್ಲಿ ಮಲಯಾಳ ಓದಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ಇದ್ದಾರೆ. ಸಂದೇಶ ಬಂದ ತಕ್ಷಣ ದಾಟಿಸುವ ಮೊದಲು ತಿರುಗಿಸಿ ಹೇಳಬೇಕು. ಕಡಲ ಬದಿಯ ಯಾವ ಮನೆಯಲ್ಲಿ ನಡೆಯಲಾಗದವರಿದ್ದಾರೆ ಎಂದು ಬರೆದಿಟ್ಟುಕೊಳ್ಳಬೇಕು. ಒಡಿಶಾದ ಹಳ್ಳಿಗಳಲ್ಲಿ ಮಾಡಿದ್ದು ಇದನ್ನೇ.

ಉಪ್ಪ ಈಗಲೂ ಮೇ ತಿಂಗಳಲ್ಲಿ ಅದೇ ಪ್ರಶ್ನೆ ಕೇಳುತ್ತಾರೆ. ಲಾಟೀನು ಕೇಳುವವರು ಈಗ ಇಲ್ಲ, ಎಲ್ಲರಿಗೂ ಚಾರ್ಜರ್ ಲೈಟು. ಆದರೂ ಒಂದು ಹಳೆಯ ಹರಿಕೇನ್ ಅಟ್ಟದಲ್ಲಿ ಉಂಟು. ಕಳೆದ ಮಳೆಗಾಲಕ್ಕೆ ಮೊದಲು ಅದನ್ನು ಇಳಿಸಿ, ಗಾಜು ಒರೆಸಿ, ಹೊಸ ಬತ್ತಿ ಹಾಕಿಟ್ಟೆ. ಅದರ ಬದಿಯಲ್ಲಿ ಗೋಡೆಗೆ ಒಂದು ಕಾಗದ ಅಂಟಿಸಿದ್ದೇನೆ: ಕ್ಯಾಂಪಿನ ಶಾಲೆಯ ಹೆಸರು, ಫೋನ್ ನಂಬರುಗಳು, ದೊಡ್ಡ ಅಕ್ಷರದಲ್ಲಿ, ಕನ್ನಡ ಮತ್ತು ಮಲಯಾಳ ಎರಡರಲ್ಲೂ. ಸಾಮಾನಿಗೆ ಬಂದವರೆಲ್ಲ ಅದನ್ನು ಓದಿ ಹೋಗುತ್ತಾರೆ.