ಗ್ರಾಮೀಣ ಪಟ್ಟಣಗಳ ಹೋಟೆಲುಗಳು: ಸ್ಥಿತಿಗತಿ, ಪುನಶ್ಚೇತನ ಹಾಗೂ ಅರ್ಜಿದಾರರಿಗೆ ಮಾಹಿತಿ (ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ)

1. ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪಟ್ಟಣಗಳು ತಾಲ್ಲೂಕು ಕೇಂದ್ರಗಳಾಗಿದ್ದು, 2011ರ ಜನಗಣತಿಯಂತೆ ಪ್ರತಿಯೊಂದರ ಜನಸಂಖ್ಯೆಯು 30 ಸಾವಿರದಿಂದ 40 ಸಾವಿರದ ಒಳಗಿದೆ. ತಹಶೀಲ್ದಾರರ ಕಚೇರಿ, ನ್ಯಾಯಾಲಯ, ಸರ್ಕಾರಿ ಆಸ್ಪತ್ರೆ, ಬ್ಯಾಂಕು ಹಾಗೂ ಸಂತೆಯ ಕೆಲಸಕ್ಕಾಗಿ ಸುತ್ತಲಿನ ಹಳ್ಳಿಗಳ ಜನರು ಪ್ರತಿದಿನ ಇಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಸಂಜೆ ಹಿಂದಿರುಗುವ ಇವರಿಗೆ ಶುಚಿಯಾದ ಊಟ, ಕುಡಿಯುವ ನೀರು ಮತ್ತು ಶೌಚಾಲಯ ದೊರೆಯುವ ಸ್ಥಳವೆಂದರೆ ಬಹುಮಟ್ಟಿಗೆ ಹೋಟೆಲು ಮಾತ್ರ. ಆದ್ದರಿಂದ ಒಂದು ಹೋಟೆಲು ಮುಚ್ಚಿದರೆ ಮಾಲೀಕರ ಕುಟುಂಬದ ಆದಾಯ ನಿಲ್ಲುವುದರ ಜೊತೆಗೆ, ಕಚೇರಿಗೆ ಬಂದ ವೃದ್ಧರು, ಮಹಿಳೆಯರು ಹಾಗೂ ರೋಗಿಗಳ ಸಂಬಂಧಿಕರು ಉಪವಾಸ ಕಾಯಬೇಕಾಗುತ್ತದೆ.

ಮುಚ್ಚಿರುವ ಅಥವಾ ದುಃಸ್ಥಿತಿಯಲ್ಲಿರುವ ಹೋಟೆಲು, ಖಾನಾವಳಿ ಹಾಗೂ ವಸತಿಗೃಹಗಳನ್ನು ಪುನಃ ಆರಂಭಿಸಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಹಿನ್ನೆಲೆ

ಅವಿಭಜಿತ ಬಿಜಾಪುರ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಈ ಭಾಗದಲ್ಲಿ ಪ್ರಚಲಿತವಿರುವ 'ಖಾನಾವಳಿ' ಎಂಬ ಹೆಸರು ಮರಾಠಿಯೊಂದಿಗಿನ ಆ ನಂಟನ್ನು ಸೂಚಿಸುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಹಾಗೂ ಅನ್ನ-ಸಾರು ಖಾನಾವಳಿಯ ಸಾಮಾನ್ಯ ಊಟವಾಗಿದೆ. ವರ್ಗಾವಣೆಯಾಗಿ ಬಂದ ಶಿಕ್ಷಕರು, ಬ್ಯಾಂಕು ನೌಕರರು ಹಾಗೂ ಕಾಲೇಜು ವಿದ್ಯಾರ್ಥಿಗಳು ತಿಂಗಳ ಲೆಕ್ಕದಲ್ಲಿ ಊಟ ಮಾಡುವ ಪದ್ಧತಿಯು ಖಾನಾವಳಿಗಳಿಗೆ ನಿಶ್ಚಿತ ಆದಾಯ ಒದಗಿಸುತ್ತ ಬಂದಿದೆ. ಬಸ್ ನಿಲ್ದಾಣದ ಸುತ್ತ ಇಡ್ಲಿ, ಪೂರಿ ಮಾರುವ ಉಡುಪಿ ಮಾದರಿಯ ಹೋಟೆಲುಗಳು ಹಾಗೂ ಚಹಾ, ಮಿರ್ಚಿ ಭಜಿ, ಚುನಮುರಿ ಸುಸಲಾ ಮಾರುವ ಚಿಕ್ಕ ಅಂಗಡಿಗಳು ಬೆಳೆದಿವೆ.

ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ. 'ಇಂಡಿ ರಸ್ತೆ' ಹಾಗೂ 'ಬಸವನ ಬಾಗೇವಾಡಿ ರಸ್ತೆ' ರೈಲು ನಿಲ್ದಾಣಗಳು ಆಯಾ ಪಟ್ಟಣಗಳಿಂದ ಹೊರಗಿವೆ. ಈ ಕಾರಣದಿಂದ ನಾಲ್ಕೂ ಪಟ್ಟಣಗಳ ಹೋಟೆಲು ವ್ಯಾಪಾರವು ಮುಖ್ಯವಾಗಿ ಬಸ್ ನಿಲ್ದಾಣವನ್ನೇ ಅವಲಂಬಿಸಿದೆ.

3. ಸ್ಥಿತಿಗತಿ ಮತ್ತು ಕಾರಣಗಳು

ಅ) ಮಳೆಯ ಅಭಾವದ ವರ್ಷಗಳಲ್ಲಿ ಗ್ರಾಮೀಣ ಕುಟುಂಬಗಳು ಮಹಾರಾಷ್ಟ್ರ, ಗೋವಾ ಹಾಗೂ ಬೆಂಗಳೂರಿಗೆ ಗುಳೆ ಹೋಗುವುದರಿಂದ ಸಂತೆಯ ವ್ಯಾಪಾರ ಇಳಿಯುತ್ತದೆ. ಅಡುಗೆ ಹಾಗೂ ಬಡಿಸುವ ಕೆಲಸಕ್ಕೆ ಆಳುಗಳೂ ದೊರೆಯುವುದಿಲ್ಲ.

ಆ) 2018ರಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದವು ಪ್ರತ್ಯೇಕ ತಾಲ್ಲೂಕುಗಳಾದವು. ಜನರಿಗೆ ಕಚೇರಿ ಹತ್ತಿರವಾಗಿ ಅನುಕೂಲವಾಯಿತು. ಆದರೆ ಹಳೆಯ ತಾಲ್ಲೂಕು ಕೇಂದ್ರಗಳಿಗೆ ಕಂದಾಯ ಕೆಲಸಕ್ಕಾಗಿ ಬರುತ್ತಿದ್ದವರಲ್ಲಿ ಒಂದು ಭಾಗ ಹೊಸ ಕೇಂದ್ರಗಳಿಗೆ ಹಂಚಿಹೋಯಿತು.

ಇ) 2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್ ಅವಧಿಯಲ್ಲಿ ಹೋಟೆಲುಗಳಲ್ಲಿ ಕುಳಿತು ಊಟ ಮಾಡುವುದು ನಿಷೇಧವಾಗಿತ್ತು. ಬಾಡಿಗೆ ಹಾಗೂ ಸಾಲದ ಕಂತು ಬಾಕಿ ಉಳಿದ ಚಿಕ್ಕ ಹೋಟೆಲುಗಳು ಚೇತರಿಸಿಕೊಳ್ಳುವುದು ಕಠಿಣವಾಯಿತು.

ಈ) ಉದ್ರಿ ವ್ಯಾಪಾರದ ಬಾಕಿ ವಸೂಲಾಗದಿರುವುದು, ವಾಣಿಜ್ಯ ಅಡುಗೆ ಅನಿಲದ ಬೆಲೆ ಹಾಗೂ ಬೇಸಿಗೆಯಲ್ಲಿ ನೀರನ್ನು ಟ್ಯಾಂಕರ್ ಮೂಲಕ ಕೊಳ್ಳಬೇಕಾಗುವುದು ಖರ್ಚನ್ನು ಹೆಚ್ಚಿಸಿವೆ.

ಉ) ಹಿರಿಯ ಮಾಲೀಕರು ತೀರಿಕೊಂಡ ಬಳಿಕ ಪರವಾನಗಿಗಳು ಅವರ ಹೆಸರಿನಲ್ಲಿಯೇ ಉಳಿದು ಅವಧಿ ಮುಗಿಯುತ್ತವೆ. ವಾರಸುದಾರರಿಗೆ ಹೋಟೆಲು ನಡೆಸುವ ಇಚ್ಛೆಯಿದ್ದರೂ ದಾಖಲೆಗಳಿಲ್ಲದ ಕಾರಣ ಬ್ಯಾಂಕಿನ ಸಾಲ ದೊರೆಯುವುದಿಲ್ಲ.

ಮೇಲ್ಕಂಡ ಕಾರಣಗಳ ಪೈಕಿ ಮಳೆ ಮತ್ತು ಬೆಲೆಗಳು ಮಾಲೀಕರ ಕೈಯಲ್ಲಿಲ್ಲ. ದಾಖಲೆ, ನೀರು, ಶೌಚಾಲಯ ಹಾಗೂ ಲೆಕ್ಕಪತ್ರ ಅವರ ಕೈಯಲ್ಲಿವೆ. ಆದ್ದರಿಂದ ಪುನಶ್ಚೇತನವನ್ನು ಇವುಗಳಿಂದಲೇ ಆರಂಭಿಸುವುದು ಸೂಕ್ತ.

4. ಪಟ್ಟಣವಾರು ಅವಕಾಶಗಳು

ಇಂಡಿ: ಲಿಂಬೆ ಬೆಳೆಗೆ ಹೆಸರಾದ ತಾಲ್ಲೂಕು. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಲ್ಲಿದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ವ್ಯಾಪಾರಕ್ಕೆ ಬರುವ ಬೆಳೆಗಾರರು ಹಾಗೂ ಖರೀದಿದಾರರಿಗೆ ಊಟ-ವಸತಿ ಒದಗಿಸಲು ಹಾಗೂ ಸ್ಥಳೀಯ ಲಿಂಬೆಯ ಶರಬತ್ತು, ಉಪ್ಪಿನಕಾಯಿಗಳನ್ನು ಹೋಟೆಲುಗಳಲ್ಲಿಯೇ ಮಾರಲು ಅವಕಾಶವಿದೆ.

ಸಿಂದಗಿ: ಕಲಬುರಗಿ-ಜೇವರ್ಗಿ-ವಿಜಯಪುರ ನಡುವಿನ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ. ದೂರ ಪ್ರಯಾಣದ ಬಸ್ಸು ಹಾಗೂ ಲಾರಿಗಳ ಸಂಚಾರವಿರುವುದರಿಂದ ಬೆಳಗಿನ ಉಪಾಹಾರ ಹಾಗೂ ರಾತ್ರಿ ಊಟಕ್ಕೆ ಬೇಡಿಕೆ ಇರುತ್ತದೆ. ಇಲ್ಲಿ ವಾಹನ ನಿಲುಗಡೆಯ ಜಾಗ ಹಾಗೂ ಶುಚಿಯಾದ ಶೌಚಾಲಯ ಮುಖ್ಯ.

ಮುದ್ದೇಬಿಹಾಳ: ಆಲಮಟ್ಟಿ ಜಲಾಶಯ ಹಾಗೂ ತಾಳಿಕೋಟೆ ಕಡೆಗೆ ಹೋಗುವವರಿಗೆ ತಂಗಲು ಅನುಕೂಲವಾದ ಪಟ್ಟಣ. 1565ರ ಯುದ್ಧದೊಂದಿಗೆ ಹೆಸರು ಸೇರಿರುವ ರಕ್ಕಸಗಿ-ತಂಗಡಗಿ ಪ್ರದೇಶವನ್ನು ನೋಡಲು ಇತಿಹಾಸಾಸಕ್ತರು ಬರುತ್ತಾರೆ. ಇವರಿಗೆ ಎರಡು-ಮೂರು ಶುಚಿಯಾದ ಕೊಠಡಿಗಳಿರುವ ಸಾಧಾರಣ ವಸತಿಗೃಹವೂ ಉಪಯುಕ್ತ.

ಬಸವನ ಬಾಗೇವಾಡಿ: ಬಸವಣ್ಣನವರ ಜನ್ಮಸ್ಥಳ. ರಾಜ್ಯ ಸರ್ಕಾರವು 2024ರ ಜನವರಿಯಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದೆ. ಬಸವ ಜಯಂತಿ ಹಾಗೂ ಶ್ರಾವಣ ಮಾಸದಲ್ಲಿ ಭಕ್ತರ ಸಂಖ್ಯೆ ಹೆಚ್ಚುತ್ತದೆ. ವಿಜಯಪುರ-ಹೊಸಪೇಟೆ ಹೆದ್ದಾರಿಯು ಪಟ್ಟಣದ ಒಳಗೆ ಹಾಯುವುದಿಲ್ಲವಾದ್ದರಿಂದ ಹೆದ್ದಾರಿಯ ಗಿರಾಕಿಯನ್ನು ನಂಬದೆ, ಭಕ್ತರು ಹಾಗೂ ಸ್ಥಳೀಯರನ್ನು ಆಧರಿಸಿ ಯೋಜನೆ ಮಾಡತಕ್ಕದ್ದು.

5. ಮುಚ್ಚಿದ ಹೋಟೆಲನ್ನು ಪುನಃ ಆರಂಭಿಸುವ ಕ್ರಮ

ಕೆಳಕಂಡ ಕ್ರಮವನ್ನು ಅನುಸರಿಸಿದಲ್ಲಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅನಾವಶ್ಯಕ ಅಲೆದಾಟ ತಪ್ಪುತ್ತದೆ.

(1) ಸ್ಥಳದ ದಾಖಲೆ: ಸ್ವಂತ ಕಟ್ಟಡವಾದರೆ ಆಸ್ತಿ ತೆರಿಗೆ ಪಾವತಿ ರಸೀದಿ ಹಾಗೂ ಖಾತೆ ಉತಾರ, ಬಾಡಿಗೆಯಾದರೆ ಕರಾರು ಪತ್ರ ಹಾಗೂ ಮಾಲೀಕರ ಒಪ್ಪಿಗೆ ಪತ್ರ. ಸ್ಥಳೀಯ ಸಂಸ್ಥೆಯ ಅಥವಾ ಸಾರಿಗೆ ನಿಗಮದ ಮಳಿಗೆಯಾದಲ್ಲಿ ಹರಾಜು ಅಥವಾ ಟೆಂಡರ್ ಮೂಲಕ ಪಡೆದವರೇ ನಡೆಸತಕ್ಕದ್ದು. ಇಂತಹ ಮಳಿಗೆಯನ್ನು ಒಳಬಾಡಿಗೆಗೆ ಪಡೆದವರಿಗೆ ಪರವಾನಗಿ ದೊರೆಯುವುದು ಕಷ್ಟಸಾಧ್ಯ.

(2) ಉದ್ದಿಮೆ ಪರವಾನಗಿ: ಪಟ್ಟಣದ ನಗರ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು. ಹಳೆಯ ಪರವಾನಗಿಯ ಪ್ರತಿ ಇದ್ದಲ್ಲಿ ಲಗತ್ತಿಸುವುದು. ಬಾಕಿ ಶುಲ್ಕವಿದ್ದರೆ ಮೊದಲು ಲೆಕ್ಕ ಪಡೆದು ಪಾವತಿಸುವುದು.

(3) ಆಹಾರ ಸುರಕ್ಷತೆ ನೋಂದಣಿ ಅಥವಾ ಪರವಾನಗಿ: ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ಪ್ರತಿಯೊಂದು ಹೋಟೆಲು, ಖಾನಾವಳಿ ಹಾಗೂ ಚಹಾ ಅಂಗಡಿಗೂ ಇದು ಕಡ್ಡಾಯ. ಚಿಕ್ಕ ವ್ಯಾಪಾರಕ್ಕೆ ನೋಂದಣಿ, ದೊಡ್ಡದಕ್ಕೆ ಪರವಾನಗಿ. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ವಹಿವಾಟಿನ ಮಿತಿ ಹಾಗೂ ಶುಲ್ಕವನ್ನು 'ಫಾಸ್ಕಾಸ್' ಜಾಲತಾಣದಲ್ಲಿ ನೋಡಿಕೊಳ್ಳತಕ್ಕದ್ದು. ಮಾಲೀಕರು ತೀರಿಕೊಂಡಲ್ಲಿ ವಾರಸುದಾರರು ಅಥವಾ ಕುಟುಂಬದ ಸದಸ್ಯರು 90 ದಿನಗಳೊಳಗೆ ಅರ್ಜಿ ಸಲ್ಲಿಸಿ, ಉಳಿದ ಅವಧಿಗೆ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ವಿನಿಯಮಗಳಲ್ಲಿ ಅವಕಾಶವಿದೆ. ಈ ಅವಧಿ ಮೀರಿದಲ್ಲಿ ಹೊಸ ಅರ್ಜಿ ಸಲ್ಲಿಸುವುದು.

(4) ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಡಿ ನೋಂದಣಿ: ವ್ಯಾಪಾರ ಆರಂಭಿಸಿದ 30 ದಿನಗಳೊಳಗೆ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಿಸತಕ್ಕದ್ದು.

(5) ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿದ್ದು, ಆಧಾರ್ ಸಂಖ್ಯೆಯ ಮೂಲಕ ಆನ್‌ಲೈನ್‌ನಲ್ಲಿ ಉಚಿತವಾಗಿ ದೊರೆಯುತ್ತದೆ. ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ.

(6) ವಸತಿಗೃಹ: ಕೊಠಡಿಗಳನ್ನು ಬಾಡಿಗೆಗೆ ನೀಡುವವರು ಪೊಲೀಸ್ ಇಲಾಖೆಯ ನಿಬಂಧನೆಗಳನ್ನು ಪಾಲಿಸಿ, ತಂಗುವವರ ವಿವರಗಳ ವಹಿಯನ್ನು ನಿರ್ವಹಿಸತಕ್ಕದ್ದು. ವಿದೇಶಿ ಪ್ರಜೆಗಳು ತಂಗಿದಲ್ಲಿ 24 ಗಂಟೆಗಳೊಳಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸತಕ್ಕದ್ದು.

6. ಪಾಲಿಸಬೇಕಾದ ಮುಖ್ಯ ಷರತ್ತುಗಳು

* ಕುಡಿಯಲು ಹಾಗೂ ಅಡುಗೆಗೆ ಬಳಸುವ ನೀರನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಇಟ್ಟುಕೊಳ್ಳುವುದು. ಕೊಳವೆ ಬಾವಿಯ ನೀರನ್ನು ಅವಲಂಬಿಸಿದವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.
* ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ ಒದಗಿಸುವುದು. ಇದರಿಂದ ಕುಟುಂಬ ಸಮೇತ ಬರುವ ಗಿರಾಕಿಗಳು ಹೆಚ್ಚುತ್ತಾರೆ.
* 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು ಹಾಗೂ ಧಾಬಾಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷೇಧಿಸಲ್ಪಟ್ಟಿದೆ. ಮಾಲೀಕರ ಬಂಧುಗಳ ಮಕ್ಕಳೆಂಬ ಕಾರಣಕ್ಕೆ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ.
* ಗೃಹ ಬಳಕೆಯ 14.2 ಕಿ.ಗ್ರಾಂ ಅನಿಲ ಸಿಲಿಂಡರನ್ನು ಹೋಟೆಲಿನಲ್ಲಿ ಬಳಸತಕ್ಕದ್ದಲ್ಲ. ವಾಣಿಜ್ಯ ಬಳಕೆಗೆ 19 ಕಿ.ಗ್ರಾಂ ಸಿಲಿಂಡರ್ ಪಡೆಯುವುದು.
* ಭಜಿ, ಪೂರಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೆ ಹಾನಿಕರ. ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25 ಮೀರಬಾರದೆಂಬ ನಿಯಮವು 2018ರ ಜುಲೈ 1ರಿಂದ ಜಾರಿಯಲ್ಲಿದೆ.
* ಗೋಬಿ ಮಂಚೂರಿಗೆ 2024ರ ಮಾರ್ಚ್‌ನಲ್ಲಿ ಹಾಗೂ ಕಬಾಬಿಗೆ 2024ರ ಜೂನ್‌ನಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯದಲ್ಲಿ ನಿಷೇಧಿಸಲಾಗಿದೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸದಂತೆ 2025ರ ಫೆಬ್ರವರಿಯಲ್ಲಿ ಕ್ರಮ ಕೈಗೊಳ್ಳಲಾಗಿದೆ. ಹತ್ತಿ ಬಟ್ಟೆಯನ್ನೇ ಬಳಸುವುದು.
* ನಾಮಫಲಕದಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರತಕ್ಕದ್ದು.

7. ತೆರಿಗೆ ಮತ್ತು ಲೆಕ್ಕಪತ್ರ

ವಾರ್ಷಿಕ ಒಟ್ಟು ವಹಿವಾಟು 20 ಲಕ್ಷ ರೂ. ಮೀರಿದಲ್ಲಿ ಹೋಟೆಲುಗಳು ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿ ಪಡೆಯತಕ್ಕದ್ದು. ಸಾಮಾನ್ಯ ಹೋಟೆಲುಗಳ ಊಟ-ಉಪಾಹಾರಕ್ಕೆ ಶೇ. 5 ತೆರಿಗೆ ಅನ್ವಯಿಸುತ್ತದೆ. ದಿನಕ್ಕೆ 7,500 ರೂ.ವರೆಗಿನ ಕೊಠಡಿ ಬಾಡಿಗೆಗೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲಾಗಿ ಶೇ. 5 ತೆರಿಗೆ ನಿಗದಿಯಾಗಿದೆ. ಮದ್ಯ ಮಾರದ, 1.5 ಕೋಟಿ ರೂ.ವರೆಗಿನ ವಹಿವಾಟಿನ ಹೋಟೆಲುಗಳು ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಆದರೆ ಹೀಗೆ ಆಯ್ದುಕೊಂಡವರು ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಮಾಲೀಕರು ತೀರಿಕೊಂಡಲ್ಲಿ ವ್ಯಾಪಾರ ಮುಂದುವರಿಸುವವರು, ನೋಂದಣಿ ಅನ್ವಯಿಸುವಂತಿದ್ದರೆ, ತಮ್ಮ ಹೆಸರಿನಲ್ಲಿ ಹೊಸದಾಗಿ ಪಡೆಯತಕ್ಕದ್ದು.

2025ರ ಜುಲೈನಲ್ಲಿ ಯು.ಪಿ.ಐ. ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದಾಗ, ದಿನವಹಿ ಲೆಕ್ಕವಿಡುವುದರ ಮಹತ್ವ ಎಲ್ಲರ ಗಮನಕ್ಕೆ ಬಂದಿತು. ನಗದು ಹಾಗೂ ಯು.ಪಿ.ಐ. ಎರಡೂ ಸೇರಿ ಒಟ್ಟು ವಹಿವಾಟು ಎನಿಸುತ್ತದೆ. ಮನೆಯ ಹಣ ಹಾಗೂ ಹೋಟೆಲಿನ ಹಣಕ್ಕೆ ಬೇರೆ ಬೇರೆ ಬ್ಯಾಂಕು ಖಾತೆ ಇಡುವುದು ಒಳಿತು. ಪ್ರತಿದಿನ ರಾತ್ರಿ (ಕ) ಒಟ್ಟು ಮಾರಾಟ, (ಖ) ಕಿರಾಣಿ, ಹಾಲು, ತರಕಾರಿ, ಅನಿಲ ಹಾಗೂ ನೀರಿನ ಖರ್ಚು, (ಗ) ಕೂಲಿ, (ಘ) ಕೊಟ್ಟ ಉದ್ರಿ ಮತ್ತು ವಸೂಲಾದ ಉದ್ರಿ, ಈ ನಾಲ್ಕನ್ನು ಒಂದು ಕಿರ್ದಿ ಪುಸ್ತಕದಲ್ಲಿ ಬರೆದರೂ ಸಾಕು. ತಿಂಗಳ ಕೊನೆಯಲ್ಲಿ ರೊಟ್ಟಿ ಊಟ ಲಾಭದಲ್ಲಿದೆಯೇ ಅಥವಾ ಉದ್ರಿಯೇ ಬಂಡವಾಳವನ್ನು ನುಂಗುತ್ತಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಸಾಲದ ಅರ್ಜಿಯನ್ನು ಪರಿಶೀಲಿಸುವಾಗ ಬ್ಯಾಂಕುಗಳು ಕೇಳುವುದೂ ಇದೇ ಲೆಕ್ಕವನ್ನು.

8. ಸಾಲ ಸೌಲಭ್ಯ

ಪ್ರಧಾನ ಮಂತ್ರಿ ಮುದ್ರಾ ಯೋಜನೆ: ಶಿಶು (50 ಸಾವಿರ ರೂ.ವರೆಗೆ), ಕಿಶೋರ (5 ಲಕ್ಷ ರೂ.ವರೆಗೆ), ತರುಣ (10 ಲಕ್ಷ ರೂ.ವರೆಗೆ) ಎಂಬ ವರ್ಗಗಳಿವೆ. ತರುಣ ಸಾಲವನ್ನು ಮರುಪಾವತಿಸಿದವರಿಗೆ 2024ರಿಂದ 20 ಲಕ್ಷ ರೂ.ವರೆಗೆ ಅವಕಾಶವಿದೆ. ಚಾಲ್ತಿಯಲ್ಲಿರುವ ಹಾಗೂ ಹೊಸ ಉದ್ಯಮ ಎರಡಕ್ಕೂ ಅನ್ವಯಿಸುತ್ತದೆ.

ಪಿ.ಎಂ. ಸ್ವನಿಧಿ: ಪಟ್ಟಣದ ಬೀದಿಬದಿ ವ್ಯಾಪಾರಿಗಳಿಗೆ, ಅಂದರೆ ಚಹಾ, ಭಜಿ, ಸುಸಲಾ ಮಾರುವ ತಳ್ಳುಗಾಡಿಯವರಿಗೆ ಮೊದಲ ಹಂತದಲ್ಲಿ 15 ಸಾವಿರ, ಎರಡನೆಯದರಲ್ಲಿ 25 ಸಾವಿರ, ಮೂರನೆಯದರಲ್ಲಿ 50 ಸಾವಿರ ರೂ.ವರೆಗೆ ಸಾಲ ದೊರೆಯುತ್ತದೆ. ಯೋಜನೆಯ ಸಾಲದ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಗಿದೆ.

ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಸಹಾಯಧನವು ಹೊಸ ಘಟಕಗಳಿಗೆ ಉದ್ದೇಶಿಸಿದ್ದು, ಹಳೆಯ ಹೋಟೆಲಿನ ದುರಸ್ತಿಗೆ ಅನ್ವಯಿಸುವುದಿಲ್ಲ. ಅರ್ಜಿ ಸ್ವೀಕಾರದ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

9. ಸಕಾಲದಡಿ ಅರ್ಜಿದಾರರ ಹಕ್ಕು

ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ, 2011ರಡಿ ಅಧಿಸೂಚಿತ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪಡೆಯುವುದು ಅರ್ಜಿದಾರರ ಹಕ್ಕು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಆದ್ದರಿಂದ ಸ್ವೀಕೃತಿ ಇಲ್ಲದೆ ಅರ್ಜಿಯನ್ನು ಯಾರ ಕೈಗೂ ಕೊಟ್ಟು ಬರಬಾರದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಂದೆಯ ಹೆಸರಿನಲ್ಲಿದ್ದ ಖಾನಾವಳಿ ಮೂರು ವರ್ಷಗಳಿಂದ ಮುಚ್ಚಿದೆ. ಹಳೆಯ ಪರವಾನಗಿಯ ಮೇಲೆ ನಡೆಸಬಹುದೇ?
ಉತ್ತರ: ಇಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಾಗೂ ಇತರ ವಾರಸುದಾರರ ಒಪ್ಪಿಗೆಯೊಂದಿಗೆ ಸ್ಥಳದ ದಾಖಲೆ ಸರಿಪಡಿಸಿಕೊಂಡು, ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು. ಖಾನಾವಳಿಯ ಹಳೆಯ ಹೆಸರನ್ನು ಮುಂದುವರಿಸಲು ಅಡ್ಡಿಯಿಲ್ಲ.

ಪ್ರಶ್ನೆ: ಮನೆಯಲ್ಲಿ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುವ ಮಹಿಳೆಯರಿಗೂ ನೋಂದಣಿ ಬೇಕೇ?
ಉತ್ತರ: ಬೇಕು. ಮಾರಾಟಕ್ಕಾಗಿ ಆಹಾರ ತಯಾರಿಸುವ ಎಲ್ಲರಿಗೂ ಆಹಾರ ಸುರಕ್ಷತೆ ನೋಂದಣಿ ಅನ್ವಯಿಸುತ್ತದೆ. ರೊಟ್ಟಿ ಬಡಿಯುವವರ ಕೊರತೆಯಿರುವ ಹೋಟೆಲುಗಳು ಸ್ತ್ರೀಶಕ್ತಿ ಹಾಗೂ ಸ್ವಸಹಾಯ ಗುಂಪುಗಳಿಂದ ರೊಟ್ಟಿ ಖರೀದಿಸಿದಲ್ಲಿ ಇಬ್ಬರಿಗೂ ಅನುಕೂಲ.

ಪ್ರಶ್ನೆ: ಹಣ ಸಾಲದಿದ್ದಲ್ಲಿ ಮೊದಲು ಯಾವುದಕ್ಕೆ ಖರ್ಚು ಮಾಡುವುದು ಸೂಕ್ತ?
ಉತ್ತರ: ನೀರಿನ ತೊಟ್ಟಿ, ಶೌಚಾಲಯ ಹಾಗೂ ಅಡುಗೆಮನೆಯ ನೆಲ. ಮುಂಭಾಗದ ಅಲಂಕಾರ ಹಾಗೂ ಹೊಸ ಪೀಠೋಪಕರಣಗಳನ್ನು ಆದಾಯ ಬಂದ ಬಳಿಕ ಮಾಡಬಹುದು.

ಸೂಚನೆ: ಶುಲ್ಕ, ನಮೂನೆ ಹಾಗೂ ಮಿತಿಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಪಟ್ಟಿರುತ್ತವೆ. ಅರ್ಜಿದಾರರು ಮೂಲ ದಾಖಲೆಗಳೊಂದಿಗೆ ಒಂದೊಂದು ಜೆರಾಕ್ಸ್ ಪ್ರತಿಯನ್ನು ತಂದು, ಕಚೇರಿ ವೇಳೆಯಲ್ಲಿ ಸಂಬಂಧಪಟ್ಟ ಅಧಿಕಾರಿಗಳನ್ನು ನೇರವಾಗಿ ಸಂಪರ್ಕಿಸಲು ಕೋರಲಾಗಿದೆ.