ಹರಿದ ಪೊರೆ ಕಲಿಸಿದ ಪಾಠ: ಕಿವಿ ತಮಟೆಯ ಸಂಶೋಧನೆಯ ಚರಿತ್ರೆ

ಧ್ವನಿವರ್ಧಕದ ಅಬ್ಬರ ತಾಳಲಾರದವರು ‘ಕಿವಿ ತಮಟೆ ಹರಿದುಹೋಯಿತು’ ಎನ್ನುತ್ತಾರೆ. ಇಂಗ್ಲಿಷ್ ಆಡುವವರ ದಿನಬಳಕೆಯಲ್ಲೂ ‘ಇಯರ್‌ಡ್ರಮ್’ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅದು ಒಡೆಯುವ, ಸಿಡಿಯುವ ಮಾತು ಬಂದಾಗಲೇ. ಎರಡರ ಹಿಂದೆಯೂ ಒಂದೇ ನಂಬಿಕೆಯಿದೆ: ತಮಟೆ ಹರಿದರೆ ಕಿವಿ ಹೋದಂತೆಯೇ. ಯುರೋಪಿನ ವೈದ್ಯರಲ್ಲೂ ಬಹುಕಾಲ ಈ ಎಣಿಕೆ ಬಲವಾಗಿತ್ತು. ಅದನ್ನು ಅಲುಗಿಸಿದ್ದು ಹರಿದ ತಮಟೆಗಳು, ಸೋರುವ ಕಿವಿಗಳು, ಕೊನೆಗೆ ಸತ್ತವರ ಕಿವಿಗಳು. ಈ ಪೊರೆಯ ಕೆಲಸವೇನೆಂಬುದು ಗಟ್ಟಿ ಕಿವಿಗಿಂತ ಕೆಟ್ಟ ಕಿವಿಯಿಂದಲೇ ಹೆಚ್ಚು ತಿಳಿಯಿತು ಎಂಬುದು ಈ ಲೇಖನದ ವಾದ.

ಪೊರೆಯ ಪರಿಚಯವೇನೋ ಹಳೆಯದು. ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ ಗ್ರಂಥಗಳಲ್ಲೇ ಜೇಡರ ಬಲೆಯಷ್ಟು ತೆಳುವಾದ ಒಣ ಚರ್ಮವೆಂದು ಅದರ ವರ್ಣನೆಯಿದೆ. 1561ರಲ್ಲಿ ಇಟಲಿಯ ಗೇಬ್ರಿಯೆಲೆ ಫಲ್ಲೋಪಿಯೊ ನಡುಗಿವಿಯನ್ನು ತಮಟೆಗೆ ಹೋಲಿಸಿ ‘ಟಿಂಪನಮ್’ ಎಂದು ಕರೆದ. ಅವನ ಲೆಕ್ಕದಲ್ಲಿ ಆ ಹೆಸರು ಪೊರೆಯ ಹಿಂದಿನ ಟೊಳ್ಳಿಗೆ ಸಲ್ಲುತ್ತಿತ್ತು. ಅದು ಪೊರೆಗೆ ಅಂಟಿಕೊಂಡದ್ದು ಬಳಕೆಯಲ್ಲಿ. ಆಕಾರ ತಿಳಿದಿತ್ತು, ಹೆಸರೂ ಸಿಕ್ಕಿತ್ತು. ಆದರೆ ಈ ಪೊರೆ ಇಲ್ಲದೆಯೂ ಕೇಳಿಸುತ್ತದೆಯೇ?

ಆಕ್ಸ್‌ಫರ್ಡ್‌ನ ಥಾಮಸ್ ವಿಲ್ಲಿಸ್ 1672ರ ತನ್ನ ಗ್ರಂಥದಲ್ಲಿ ತಮಟೆ ಚುಚ್ಚಿದ ನಾಯಿಗೆ ಆಮೇಲೂ ಕೆಲಕಾಲ ಕೇಳಿಸುತ್ತಿತ್ತೆಂದು ದಾಖಲಿಸಿದ. ಮನುಷ್ಯರಲ್ಲೂ ಹೀಗೆಯೇ ಎಂದು ಹೇಳುವುದು ಹೇಗೆ? ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ ಮರಣದಂಡನೆಯ ಕೈದಿಯೊಬ್ಬನ ತಮಟೆಯನ್ನು ತೂತು ಮಾಡಿ ನೋಡಲು ಹೊರಟ. ಪ್ರತಿಯಾಗಿ ಕೈದಿಗೆ ಕ್ಷಮಾದಾನ. ಜನ ಸಿಟ್ಟಿಗೆದ್ದರು, ಪ್ರಯೋಗ ನಿಂತಿತು. ಜನರ ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ನೇಣಿನ ನೆರಳಿನಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಉತ್ತರ ಸಿಕ್ಕಿದ್ದು ಯಾರ ಕಿವಿಯನ್ನೂ ಕೆಡಿಸದೆ. 1800ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧ ಒಬ್ಬ ವೈದ್ಯಕೀಯ ವಿದ್ಯಾರ್ಥಿಯನ್ನು ಕುರಿತದ್ದು. ಬಾಲ್ಯದಲ್ಲಿ ಕಿವಿ ಸೋರಿ ಸೋರಿ ಅವನ ಒಂದು ತಮಟೆ ಪೂರ್ತಿ ನಾಶವಾಗಿತ್ತು, ಇನ್ನೊಂದರಲ್ಲಿ ದೊಡ್ಡ ತೂತು. ಮೂಗು ಬಾಯಿ ಮುಚ್ಚಿ ಉಸಿರು ಒತ್ತಿದರೆ ಗಾಳಿ ಕಿವಿಯಿಂದ ಹೊರಬರುತ್ತಿತ್ತು. ಇಷ್ಟಾದರೂ ನಾಲ್ಕು ಜನರ ನಡುವೆ ಆಡುವ ಮಾತು ಅವನಿಗೆ ಕೇಳಿಸುತ್ತಿತ್ತು. ಕೊಳಲನ್ನೂ ಚೆನ್ನಾಗಿಯೇ ನುಡಿಸುತ್ತಿದ್ದ. ಕೇಳ್ಮೆ ಕುಗ್ಗಿತ್ತು, ಅಳಿದಿರಲಿಲ್ಲ. ಕೂಪರ್ ಇಲ್ಲಿಂದ ಮುಂದೆ ಇಟ್ಟ ಹೆಜ್ಜೆ ದಿಟ್ಟವಾದದ್ದು. ಗಂಟಲಿನಿಂದ ನಡುಗಿವಿಗೆ ಗಾಳಿ ಒಯ್ಯುವ ಯುಸ್ಟೇಶಿಯನ್ ನಾಳ ಕಟ್ಟಿಕೊಂಡವರಿಗೆ ತಮಟೆಯಲ್ಲಿ ತಾನೇ ತೂತು ಮಾಡಿ ಗಾಳಿಗೆ ದಾರಿ ಬಿಟ್ಟ. ಕೆಲವರಿಗೆ ಆ ಗಳಿಗೆಯಲ್ಲೇ ಕೇಳಿಸಿತು. 1801ರಲ್ಲಿ ಅವನಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಂದಿತು. ಸುದ್ದಿ ಹರಡಿದ್ದೇ ತಡ, ಯುರೋಪಿನ ಎಷ್ಟೋ ವೈದ್ಯರು ಕಾರಣ ನೋಡದೆ ಎಲ್ಲ ಬಗೆಯ ಕಿವುಡಿಗೂ ತಮಟೆ ಚುಚ್ಚತೊಡಗಿದರು. ಚುಚ್ಚಿದ ತೂತೂ ಬೇಗ ಕೂಡಿಕೊಳ್ಳುತ್ತಿತ್ತು. ಕೊನೆಗೆ ಕೂಪರನೇ ಅದನ್ನು ಕೈಬಿಟ್ಟ.

ಮುಂದಿನ ಸುಳಿವು ಕೊಟ್ಟದ್ದು ಒಬ್ಬ ರೋಗಿ. ನ್ಯೂಯಾರ್ಕಿನಿಂದ ಬಂದಿದ್ದ ಆತ ಕಾಗದದ ಚೂರನ್ನು ಎಂಜಲಿನಲ್ಲಿ ನೆನೆಸಿ ಕಿವಿಯ ಆಳಕ್ಕೆ ಇಟ್ಟುಕೊಂಡರೆ ತನಗೆ ಕೇಳಿಸುತ್ತದೆಂದು ಲಂಡನ್ನಿನ ಕಿವಿ ವೈದ್ಯ ಜೇಮ್ಸ್ ಇಯರ್‌ಸ್ಲಿಗೆ ಹೇಳಿದ. ಇಯರ್‌ಸ್ಲಿ ಕಾಗದದ ಬದಲು ಒದ್ದೆ ಹತ್ತಿಯ ಉಂಡೆ ಬಳಸಿ ಅದನ್ನು 1848ರಲ್ಲಿ ಪ್ರಕಟಿಸಿದ. ಕೃತಕ ತಮಟೆಯ ಯೋಚನೆ ಅದಕ್ಕೂ ಇನ್ನೂರು ವರ್ಷ ಹಿಂದಿನದು. ಜರ್ಮನಿಯ ಮಾರ್ಕಸ್ ಬಾನ್ಜರ್ 1640ರಲ್ಲೇ ಕೊಳವೆಯೊಂದರ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿಯುವ ಉಪಾಯ ಸೂಚಿಸಿದ್ದ. ಸುಮಾರು ಎರಡು ಸಾವಿರ ಕಿವಿಗಳನ್ನು ಛೇದಿಸಿ ನೋಡಿದ್ದ ಜೋಸೆಫ್ ಟಾಯ್ನ್‌ಬಿ, ಬೆಳ್ಳಿ ತಂತಿಗೆ ರಬ್ಬರಿನ ಬಿಲ್ಲೆ ಸಿಕ್ಕಿಸಿ ತನ್ನದೇ ಸಾಧನವೊಂದನ್ನು ತಂದ.

ನಡುಗದ ಹತ್ತಿಯ ಉಂಡೆಯೊಂದು ಕೇಳಿಸುವಂತೆ ಮಾಡುವುದು ಹೇಗೆ? ಇಡೀ ಚರಿತ್ರೆಯ ಗಂಟು ಇರುವುದು ಇಲ್ಲಿ. ಒಳಗಿವಿಯ ಶಂಖಕ್ಕೆ ಎರಡು ಕಿಂಡಿಗಳು, ಒಂದು ಅಂಡಾಕಾರದ್ದು, ಇನ್ನೊಂದು ದುಂಡನೆಯದು. ಮೊದಲನೆಯದು ಒಳಗೆ ತಳ್ಳಿದಾಗ ಎರಡನೆಯದು ಹೊರಗೆ ಉಬ್ಬಿದರೆ ಮಾತ್ರ ಒಳಗಿನ ದ್ರವ ಚಲಿಸುತ್ತದೆ. ತಮಟೆ ಇಲ್ಲದಾಗ ಸದ್ದು ಎರಡಕ್ಕೂ ಒಟ್ಟಿಗೇ ಬಡಿಯುತ್ತದೆ. ಒಂದರ ತಳ್ಳುವಿಕೆಯನ್ನು ಇನ್ನೊಂದು ತಡೆಯುತ್ತದೆ. ಹತ್ತಿ ದುಂಡು ಕಿಂಡಿಗೆ ಮರೆಯಾಗಿ ನಿಂತರೆ ಆ ತಡೆ ತಗ್ಗುತ್ತದೆ. ಎಂದರೆ ತಮಟೆ ಸದ್ದನ್ನು ದಾಟಿಸುವ ಪೊರೆ ಮಾತ್ರವಲ್ಲ, ಸದ್ದಿಗೆ ಅಡ್ಡ ನಿಲ್ಲುವ ಗೋಡೆಯೂ ಹೌದು.

ದಾಟಿಸುವ ಬಲವನ್ನು ಕಣ್ಣಿಗೆ ಕಾಣಿಸಿದ್ದು ಸತ್ತವನ ಕಿವಿ. ಕಿವುಡು ಮಕ್ಕಳಿಗೆ ಮಾತು ಕಲಿಸುತ್ತಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಮಾತಿನ ಅಲೆಯನ್ನು ಚಿತ್ರವಾಗಿ ತೋರಿಸುವ ಆಸೆ. ಬಾಸ್ಟನ್ನಿನ ಕಿವಿ ತಜ್ಞ ಕ್ಲಾರೆನ್ಸ್ ಬ್ಲೇಕ್ 1874ರಲ್ಲಿ ಶವದ ಕಿವಿಯೊಂದನ್ನು ಅವನಿಗೆ ಒದಗಿಸಿದ. ತಮಟೆಯ ಹಿಂದಿನ ಪುಟ್ಟ ಮೂಳೆಗೆ ಹುಲ್ಲುಕಡ್ಡಿ ಅಂಟಿಸಿ ಬೆಲ್ ಕಿವಿಯೊಳಗೆ ಮಾತಾಡಿದ. ಮಸಿ ಹಿಡಿಸಿದ ಗಾಜಿನ ಮೇಲೆ ಕಡ್ಡಿ ಅಲೆ ಬರೆಯಿತು. ಇಷ್ಟು ತೆಳು ಪೊರೆ ತನಗಿಂತ ಎಷ್ಟೋ ಭಾರದ ಮೂಳೆಗಳನ್ನು ಅಲುಗಿಸುವುದಾದರೆ, ದಪ್ಪನೆಯ ಪೊರೆ ಉಕ್ಕಿನ ತುಂಡನ್ನು ಏಕೆ ಅಲುಗಿಸಬಾರದು ಎಂಬ ಯೋಚನೆ ಅವನಿಗೆ ಬಂದದ್ದು ಆ ಬೇಸಿಗೆಯಲ್ಲೇ. 1876ರ ಟೆಲಿಫೋನಿಗೆ ದಾರಿ ತೋರಿದ ಯೋಚನೆಗಳಲ್ಲಿ ಇದೂ ಒಂದು.

ಇಂದು ಆ ಬಲಕ್ಕೆ ಅಳತೆಯಿದೆ. ತಮಟೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅದರಲ್ಲಿ ಪರಿಣಾಮಕಾರಿಯಾಗಿ ನಡುಗುವ ಭಾಗ ಸುಮಾರು 55 ಚದರ ಮಿಲಿಮೀಟರ್. ಅಂಡಾಕಾರದ ಕಿಂಡಿಯಲ್ಲಿ ಕೂರುವ ರಿಕಾಪು ಮೂಳೆಯ ಪಾದ 3.2 ಮಾತ್ರ. ಅಗಲದಲ್ಲಿ ಬಿದ್ದ ಒತ್ತಡ ಕಿರಿದಾದ ಕಡೆ ಸುಮಾರು ಹದಿನೇಳು ಪಟ್ಟು ಹೆಚ್ಚುತ್ತದೆ. ಸುತ್ತಿಗೆ, ಅಡಿಗಲ್ಲು ಮೂಳೆಗಳ ಸನ್ನೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

ಹೊಡೆತಕ್ಕೋ ಸ್ಫೋಟಕ್ಕೋ ತಮಟೆಯಲ್ಲಿ ಆದ ಸಣ್ಣ ಹರಕು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಆ ಅವಧಿಯಲ್ಲಿ ಕಿವಿಗೆ ಬಿಸಿ ಎಣ್ಣೆ ಬಿಡುವ ನಮ್ಮ ಮನೆಗಳ ರೂಢಿ ಅಪಾಯಕಾರಿ. ಕೂಡದ ತೂತಿಗೆ ಚರ್ಮದ ತೇಪೆ ಹಾಕುವ ಪ್ರಯತ್ನವನ್ನು 1878ರಲ್ಲಿ ಜರ್ಮನಿಯ ಎಮಿಲ್ ಬರ್ಥೋಲ್ಡ್ ಮಾಡಿದ. ಶಸ್ತ್ರಚಿಕಿತ್ಸೆಗೊಂದು ಶಾಸ್ತ್ರ ದೊರೆತದ್ದು 1950ರ ದಶಕದಲ್ಲಿ, ಅದೇ ದೇಶದ ಹೋರ್ಸ್ಟ್ ವುಲ್‌ಸ್ಟೈನ್ ಮತ್ತು ಫ್ರಿಟ್ಸ್ ಜೋಲ್ನರ್ ಅವರಿಂದ. ಈಗ ತೇಪೆಗೆ ಹೆಚ್ಚಾಗಿ ಬಳಸುವುದು ಕಣತಲೆಯ ಸ್ನಾಯುವಿನ ಮೇಲಿನ ಪೊರೆ. ಮೂಳೆಗಳು ಎಷ್ಟು ಉಳಿದಿವೆ ಎಂಬುದನ್ನು ನೋಡಿ ವುಲ್‌ಸ್ಟೈನ್ ಈ ಚಿಕಿತ್ಸೆಯನ್ನು ಐದು ವಿಧವಾಗಿ ವಿಂಗಡಿಸಿದ. ರಿಕಾಪಿನ ಪಾದವೊಂದೇ ಉಳಿದಿರುವವರಿಗೆ ಮಾಡುವ ನಾಲ್ಕನೆಯ ವಿಧದಲ್ಲಿ ತೇಪೆ ಯಾವ ಮೂಳೆಯನ್ನೂ ಅಲುಗಿಸುವುದಿಲ್ಲ. ಪಾದವನ್ನು ಸದ್ದಿಗೆ ತೆರೆದಿಟ್ಟು ದುಂಡು ಕಿಂಡಿಗೆ ಮರೆಯಾಗಿ ನಿಲ್ಲುತ್ತದೆ. ಇಯರ್‌ಸ್ಲಿಯ ಹತ್ತಿ ಉಂಡೆ ಮಾಡುತ್ತಿದ್ದ ಕೆಲಸವೂ ಅದೇ.